ನೇಮಕಾತಿ ಪತ್ರದಲ್ಲಿ ಆರ್ಬಿಟ್ರೇಷನ್ ಷರತ್ತು: ಉತ್ತರ ಕನ್ನಡದ ಜಿಲ್ಲಾಧಿಕಾರಿಗಳಿಗೂ ಕಾರ್ಮಿಕ ಇಲಾಖೆಗೂ ಬಹಿರಂಗ ಪತ್ರ

ಇವರಿಗೆ,
ಜಿಲ್ಲಾಧಿಕಾರಿಗಳು, ಉತ್ತರ ಕನ್ನಡ, ಕಾರವಾರ
ಕಾರ್ಮಿಕ ಅಧಿಕಾರಿಗಳು, ಕಾರವಾರ
ಸದಸ್ಯ ಕಾರ್ಯದರ್ಶಿಗಳು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಕಾರವಾರ
ಹಾಗೂ ಜಿಲ್ಲೆಯ ಸಂಬಳದಾರರೆಲ್ಲರಿಗೆ

ಮಾನ್ಯರೇ,

2025ರ ನವೆಂಬರ್ 21ರಂದು, ಹಳೆಯ ಹಲವು ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದರೊಂದಿಗೆ ಪ್ರತಿ ನೌಕರನಿಗೂ ನೇಮಕಾತಿ ಪತ್ರ ಕೊಡುವುದು ಮಾಲೀಕರ ಕರ್ತವ್ಯವಾಯಿತು. ಬಾಯಿಮಾತಿನಲ್ಲೇ ಕೆಲಸಕ್ಕೆ ಸೇರಿ ಬಾಯಿಮಾತಿನಲ್ಲೇ ಮನೆಗೆ ಹೋಗುತ್ತಿದ್ದವರಿಗೆ ಇದು ದೊಡ್ಡ ಅನುಕೂಲವೇ. ಆದರೆ ಕಾಗದ ಬಂದಲ್ಲಿ ಕಾಗದದೊಳಗಿನ ಷರತ್ತುಗಳೂ ಬರುತ್ತವೆ. ಹೊರಗಿನ ಕಂಪನಿಗಳ ಅಚ್ಚು ನಮೂನೆಗಳಲ್ಲಿ, ಹತ್ತು ಹದಿನೈದು ಪುಟಗಳ ಇಂಗ್ಲಿಷಿನ ಕೊನೆಯ ಭಾಗದಲ್ಲಿ, ‘ಗೋಪ್ಯತೆ’ಗೂ ‘ಇತರೆ’ಗೂ ನಡುವೆ ಆರ್ಬಿಟ್ರೇಷನ್ನಿನ ಒಂದು ಪ್ಯಾರಾ ಇರುತ್ತದೆ; ಜಗಳವನ್ನು ಕೋರ್ಟಿನ ಬದಲು ಖಾಸಗಿ ಮಧ್ಯಸ್ಥಗಾರ (ಆರ್ಬಿಟ್ರೇಟರ್) ತೀರ್ಮಾನಿಸುವ ಏರ್ಪಾಡಿಗೆ ಆರ್ಬಿಟ್ರೇಷನ್ ಎನ್ನುತ್ತಾರೆ. ಗೋಕರ್ಣದ ರೆಸಾರ್ಟಿನ ರಿಸೆಪ್ಷನ್ ಹುಡುಗಿ, ಶಿರಸಿಯ ಫೈನಾನ್ಸ್ ಕಂಪನಿಯ ಕಲೆಕ್ಷನ್ ಹುಡುಗ, ಕುಮಟಾದ ಖಾಸಗಿ ಆಸ್ಪತ್ರೆಯ ನರ್ಸ್, ಕಾರವಾರದ ಡೆಲಿವರಿ ಹುಡುಗ, ಇಂಥವರ ಮುಂದೆ ಬರುವ ಪ್ಯಾರಾ ಅದು. ಕನ್ನಡಕ್ಕೆ ತಂದರೆ ಸಾಮಾನ್ಯವಾಗಿ ಹೀಗಿರುತ್ತದೆ:

‘ಈ ನೇಮಕಾತಿಯಿಂದ ಅಥವಾ ಅದಕ್ಕೆ ಸಂಬಂಧಿಸಿ ಹುಟ್ಟುವ ಯಾವುದೇ ವಿವಾದವನ್ನು ಕಂಪನಿಯ ವ್ಯವಸ್ಥಾಪಕ ನಿರ್ದೇಶಕರು ನೇಮಿಸುವ ಒಬ್ಬ ಆರ್ಬಿಟ್ರೇಟರ್‌ಗೆ ಒಪ್ಪಿಸತಕ್ಕದ್ದು. ಆರ್ಬಿಟ್ರೇಷನ್ನಿನ ಸ್ಥಾನ ಮುಂಬೈ. ಭಾಷೆ ಇಂಗ್ಲಿಷ್. ಆರ್ಬಿಟ್ರೇಟರ್ ಕೊಡುವ ತೀರ್ಪು ಅಂತಿಮ, ಉಭಯರಿಗೂ ಬದ್ಧ.’

ಸಂಬಳ ಬಾಕಿ ಉಳಿದಾಗ, ಕಾರಣ ಹೇಳದೆ ಕೆಲಸದಿಂದ ತೆಗೆದಾಗ, ಎಚ್‌ಆರ್‌ನವರು ಈ ಪ್ಯಾರಾ ತೋರಿಸಿ ‘ನೀವು ಲೇಬರ್ ಆಫೀಸಿಗೆ ಹೋಗುವ ಹಾಗಿಲ್ಲ’ ಅನ್ನುತ್ತಾರೆ. ಸಹಿ ಹಾಕಿದವರು ಅದನ್ನು ನಂಬುತ್ತಾರೆ. ನಾವು ಈ ಪತ್ರ ಬರೆಯುತ್ತಿರುವುದು ಆ ನಂಬಿಕೆಯ ವಿರುದ್ಧ. ಕಾರ್ಮಿಕ ಕಾನೂನಿನ ಹಕ್ಕುಗಳ ಮಟ್ಟಿಗೆ ಈ ಷರತ್ತಿಗೆ ಬಲ ಇಲ್ಲ. ಬಲ ಇರುವ ಕಡೆಗಳೂ ಉಂಟು, ಅವನ್ನೂ ಮುಚ್ಚಿಡುವುದಿಲ್ಲ. ಯಾವುದು ಎಲ್ಲಿ ಅನ್ನುವುದನ್ನು ನಿಮ್ಮ ಕಚೇರಿಗಳು ಕನ್ನಡದಲ್ಲಿ ಸ್ಪಷ್ಟವಾಗಿ ಹೇಳಿಬಿಟ್ಟರೆ ಅರ್ಧ ಕೆಲಸ ಮುಗಿಯಿತು.

ಮೊದಲು ಬಲ ಇಲ್ಲದ ಕಡೆ. 1996ರ ಆರ್ಬಿಟ್ರೇಷನ್ ಕಾಯ್ದೆ ವ್ಯಾಪಾರಿಗಳ ನಡುವಿನ ಜಗಳಕ್ಕೆ ಹೇಳಿ ಮಾಡಿಸಿದ್ದು. ಎಲ್ಲ ವಿವಾದವನ್ನೂ ಅದಕ್ಕೆ ಒಪ್ಪಿಸಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೂ 2020ರಲ್ಲೂ ವಿವರವಾಗಿ ಹೇಳಿದೆ. ಒಂದು ಹಕ್ಕನ್ನು ವಿಶೇಷ ಕಾನೂನು ಸೃಷ್ಟಿಸಿ, ಅದರ ವಿಚಾರಣೆಗೆ ವಿಶೇಷ ಪ್ರಾಧಿಕಾರವನ್ನೂ ಆ ಕಾನೂನೇ ನೇಮಿಸಿದ್ದರೆ, ಖಾಸಗಿ ಒಪ್ಪಂದ ಅದನ್ನು ಕಿತ್ತುಕೊಳ್ಳಲಾರದು. ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಪೈಲಟ್‌ಗಳು ಬಾಕಿ ಸಂಬಳಕ್ಕೆ ಕಾರ್ಮಿಕ ನ್ಯಾಯಾಲಯಕ್ಕೆ ಹೋದಾಗ ಕಂಪನಿ ಇದೇ ಷರತ್ತನ್ನು ಮುಂದಿಟ್ಟಿತ್ತು. 2012ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಒಪ್ಪಲಿಲ್ಲ.

ಇನ್ನೂ ಹತ್ತಿರದ್ದು 2024ರ ಡಿಸೆಂಬರ್‌ನ ಒಂದು ತೀರ್ಪು. ಇದನ್ನು ಪ್ರತಿ ಕಾರ್ಮಿಕ ನಿರೀಕ್ಷಕರ ಮೇಜಿನ ಮೇಲೂ ಇಡಬೇಕು ಅನ್ನುವುದು ನಮ್ಮ ಅಭಿಪ್ರಾಯ. ಚೆನ್ನೈ ಕಡೆಯ ಒಂದು ಕಂಪನಿಯ ಅಸಿಸ್ಟೆಂಟ್ ಮ್ಯಾನೇಜರ್, ಕೋವಿಡ್ ಕಾಲದಲ್ಲಿ ಕೆಲಸ ಹೋದ ಮೇಲೆ, ಬಾಕಿ ಸಂಬಳಕ್ಕೆ ವೇತನ ಪಾವತಿ ಕಾಯ್ದೆಯ ಪ್ರಾಧಿಕಾರದ ಮುಂದೆ ಅರ್ಜಿ ಹಾಕಿದ್ದರು. ವಜಾ ವಿಚಾರ ಕೈಗಾರಿಕಾ ವಿವಾದ ಕಾಯ್ದೆಯಡಿ ನಡೆದಿತ್ತು. ಕಂಪನಿ ತಾನೇ ಒಬ್ಬ ಆರ್ಬಿಟ್ರೇಟರನ್ನು ನೇಮಿಸಿ, ಗೋಪ್ಯತೆ ಷರತ್ತು ಮುರಿದಿದ್ದಾರೆಂದು ಲಕ್ಷಗಟ್ಟಲೆ ಪರಿಹಾರ ಕೇಳಿತು. ಮದ್ರಾಸ್ ಹೈಕೋರ್ಟ್‌ನಿಂದ ಆರ್ಬಿಟ್ರೇಟರ್ ನೇಮಕದ ಆದೇಶವೂ ಸಿಕ್ಕಿತು. ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಬಾಕಿ ಸಂಬಳ, ವಜಾ ಇವು ಆರ್ಬಿಟ್ರೇಷನ್ನಿಗೆ ಹೋಗುವ ವಿಷಯಗಳೇ ಅಲ್ಲ, ಕಂಪನಿ ಮಾಡಿದ್ದು ಕಾನೂನಿನ ದುರುಪಯೋಗ ಎಂದು ಹೇಳಿ 5 ಲಕ್ಷ ರೂಪಾಯಿ ಖರ್ಚು ಕಟ್ಟಲು ಆದೇಶಿಸಿತು. ಗಮನಿಸಬೇಕಾದದ್ದು ಕಂಪನಿ ಹಿಡಿದ ದಾರಿ: ನೌಕರ ಕೇಳಿದ್ದು ಸಂಬಳ, ಕಂಪನಿ ತಂದದ್ದು ಪ್ರತಿದಾವೆ. ಈ ಷರತ್ತು ಕೆಲಸ ಮಾಡುವುದು ಹೆಚ್ಚಾಗಿ ಹೀಗೆಯೇ.

ಕಾರ್ಮಿಕ ಕಾನೂನಿನಲ್ಲೂ ಆರ್ಬಿಟ್ರೇಷನ್ ಇಲ್ಲ ಎಂದಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯ 10ಎ ಕಲಮಿನಲ್ಲಿ ಇತ್ತು, ಅದರ ಜಾಗಕ್ಕೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ 42ನೇ ಕಲಮಿನಲ್ಲಿ ಈಗಲೂ ಇದೆ. ಅದು ಸ್ವಇಚ್ಛೆಯದು. ವಿವಾದ ಎದ್ದ ಮೇಲೆ ಎರಡೂ ಕಡೆಯವರು ಲಿಖಿತವಾಗಿ ಒಪ್ಪಿ, ಆರ್ಬಿಟ್ರೇಟರ್ ಯಾರೆಂದು ಹೆಸರಿಸಿ, ಪ್ರತಿಯನ್ನು ಸರ್ಕಾರಕ್ಕೂ ಸಂಧಾನಾಧಿಕಾರಿಗೂ ಕಳಿಸಬೇಕು. ಕೆಲಸಕ್ಕೆ ಸೇರುವ ದಿನ, ಯಾವ ಜಗಳವೂ ಇಲ್ಲದಾಗ, ಆಧಾರ್ ಪ್ರತಿಯ ಜೊತೆಗೆ ಹಾಕಿಸಿಕೊಂಡ ಸಹಿ ಇದಾಗುವುದಿಲ್ಲ.

ಹಾಗಾದರೆ ಬಲ ಎಲ್ಲಿದೆ? ‘ಕಾರ್ಮಿಕ’ ಎಂಬ ವ್ಯಾಖ್ಯೆಯ ಹೊರಗೆ. ಮ್ಯಾನೇಜರ್ ಕೆಲಸ ಮಾಡುವವರು, ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವ ಮೇಲ್ವಿಚಾರಕರು ಹೊಸ ಸಂಹಿತೆಯ ಪ್ರಕಾರ ಕಾರ್ಮಿಕರಲ್ಲ. ಅವರ ಬೋನಸ್, ನೋಟಿಸ್ ಅವಧಿಯ ಹಣ, ‘ಇಷ್ಟು ವರ್ಷ ಕೆಲಸ ಬಿಡುವುದಿಲ್ಲ, ಬಿಟ್ಟರೆ ಹಣ ಕಟ್ಟುತ್ತೇನೆ’ ಎಂಬ ಬಾಂಡ್, ‘ಎರಡು ವರ್ಷ ಬೇರೆಡೆ ಸೇರುವಂತಿಲ್ಲ’ ಎಂಬ ಕರಾರು ಇವು ಆರ್ಬಿಟ್ರೇಷನ್ನಿಗೆ ಹೋಗಬಹುದು. ಇಲ್ಲಿ ಪದನಾಮ ನೋಡಿ ಮೋಸ ಹೋಗಬಾರದು. ವ್ಯಾಖ್ಯೆ ನೋಡುವುದು ಮಾಡುವ ಕೆಲಸವನ್ನು. ‘ಅಸಿಸ್ಟೆಂಟ್ ಫ್ರಂಟ್ ಆಫೀಸ್ ಮ್ಯಾನೇಜರ್’ ಎಂಬ ಬ್ಯಾಡ್ಜ್ ಹಾಕಿಕೊಂಡು ರಿಜಿಸ್ಟರ್ ಬರೆದು ಅತಿಥಿಗಳ ಬ್ಯಾಗ್ ಎತ್ತುವವರು ಮ್ಯಾನೇಜರ್ ಅಲ್ಲ. ಸೇಲ್ಸ್ ಪ್ರಮೋಷನ್ ನೌಕರರನ್ನು ಹೊಸ ಸಂಹಿತೆ ಹೆಸರಿಟ್ಟೇ ಒಳಗೆ ಸೇರಿಸಿದೆ. ಶಾಲಾ ಶಿಕ್ಷಕರು ಕಾರ್ಮಿಕರಲ್ಲ, ಸರಿ. ಆದರೆ ಖಾಸಗಿ ಸಂಸ್ಥೆಯಿಂದ ವಜಾ ಆದವರಿಗೆ ಕರ್ನಾಟಕ ಶಿಕ್ಷಣ ಕಾಯ್ದೆಯ 94ನೇ ಕಲಮಿನಡಿ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗುವ ದಾರಿ ಇದೆ.

ಸ್ಥಳದ ಷರತ್ತಿನ ವಿಚಾರದಲ್ಲೂ ಸುಳ್ಳು ಧೈರ್ಯ ಕೊಡಬಾರದು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಖಾಸಗಿ ಬ್ಯಾಂಕಿನ ನೌಕರರ ಪ್ರಕರಣದಲ್ಲಿ, ನೇಮಕಾತಿ ಪತ್ರದಲ್ಲಿ ‘ಮುಂಬೈ ಕೋರ್ಟು ಮಾತ್ರ’ ಎಂದಿದ್ದರೆ ಸಿವಿಲ್ ದಾವೆಗೆ ಅದು ಊರ್ಜಿತ ಎಂದಿತು. ಮರು ತಿಂಗಳು, ಸಾರ್ವಜನಿಕ ಬ್ಯಾಂಕೊಂದರ ಮೂರು ವರ್ಷದ, 2 ಲಕ್ಷ ರೂಪಾಯಿಯ ಸೇವಾ ಬಾಂಡನ್ನೂ ಎತ್ತಿಹಿಡಿಯಿತು. ಬಾಂಡು ಬರೆದುಕೊಟ್ಟವರು ‘ಅದು ಹೇಗಿದ್ದರೂ ಅಸಿಂಧು’ ಎಂದು ಕೂರುವ ಕಾಲ ಇದಲ್ಲ.

ಈಗ ಮೇಲಿನ ಪ್ಯಾರಾವನ್ನು ಬಿಡಿಸಿ ನೋಡೋಣ. ‘ವ್ಯವಸ್ಥಾಪಕ ನಿರ್ದೇಶಕರು ನೇಮಿಸುವ’ ಎಂಬುದು ಅದರ ಅತ್ಯಂತ ದುರ್ಬಲ ಭಾಗ. 2015ರ ತಿದ್ದುಪಡಿಯು ಆರ್ಬಿಟ್ರೇಷನ್ ಕಾಯ್ದೆಗೆ 12(5) ಉಪಕಲಮನ್ನೂ ಏಳನೇ ಅನುಸೂಚಿಯನ್ನೂ ಸೇರಿಸಿತು; ಕಂಪನಿಯ ನೌಕರ, ಸಲಹೆಗಾರ, ವಕೀಲ ಇಂಥವರು ಆರ್ಬಿಟ್ರೇಟರ್ ಆಗುವಂತಿಲ್ಲ. ತಾನೇ ಅನರ್ಹನಾದವನು ಇನ್ನೊಬ್ಬನನ್ನು ನೇಮಿಸುವಂತೆಯೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು, 2019ರಲ್ಲಿ ಇನ್ನಷ್ಟು ಗಟ್ಟಿ ಮಾಡಿತು. ಹೀಗೆ ಒಂದೇ ಕಡೆಯವರು ನೇಮಿಸಿದ ಆರ್ಬಿಟ್ರೇಟರ್ ಕೊಟ್ಟ ತೀರ್ಪನ್ನು ಜಾರಿ ಮಾಡಲು ಬರುವುದಿಲ್ಲ ಎಂದು ದೆಹಲಿ ಹೈಕೋರ್ಟ್ 2023ರಲ್ಲಿ ಹೇಳಿದೆ.

ಆದರೆ 12(5)ಕ್ಕೆ ಒಂದು ವಿನಾಯಿತಿ ಇದೆ, ಬಲೆ ಇರುವುದು ಅಲ್ಲೇ. ವಿವಾದ ಎದ್ದ ನಂತರ ಲಿಖಿತವಾಗಿ, ಸ್ಪಷ್ಟವಾಗಿ ಒಪ್ಪಿದರೆ ಆ ರಕ್ಷಣೆ ಹೋಗುತ್ತದೆ. ರಿಲೀವಿಂಗ್ ಲೆಟರ್ ಕೊಡುವಾಗ, ಫುಲ್ ಅಂಡ್ ಫೈನಲ್ (ಕೊನೆಯ ಲೆಕ್ಕ ಚುಕ್ತಾದ) ಚೆಕ್ ಕೊಡುವಾಗ, ‘ಇಲ್ಲೊಂದು ಸಹಿ’ ಎಂದು ನೀಡುವ ಕಾಗದದಲ್ಲಿ ಈ ಒಪ್ಪಿಗೆ ಇರಬಹುದು. ಸೇರುವಾಗ ಹಾಕಿದ ಸಹಿಗಿಂತ ಬಿಡುವಾಗ ಹಾಕುವ ಸಹಿ ಹೆಚ್ಚು ಅಪಾಯಕಾರಿ. ಹಣ ಸ್ವೀಕರಿಸಲು ಅಡ್ಡಿಯಿಲ್ಲ. ಸಹಿಯ ಕೆಳಗೆ ಕನ್ನಡದಲ್ಲೇ ‘ಹಣ ಸಂದಿದೆ. ಉಳಿದ ಹಕ್ಕುಗಳನ್ನು ಬಿಟ್ಟುಕೊಟ್ಟಿಲ್ಲ. ಆರ್ಬಿಟ್ರೇಟರ್ ನೇಮಕಕ್ಕೆ ಒಪ್ಪಿಲ್ಲ’ ಎಂದು ಬರೆದು ದಿನಾಂಕ ಹಾಕಿ, ಫೋಟೋ ತೆಗೆದಿಟ್ಟುಕೊಳ್ಳಬೇಕು.

ಸಹಿಯೇ ಹಾಕಿಲ್ಲ ಅನ್ನುವವರು ಇನ್ನೊಂದು ಸಂಗತಿ ನೋಡಬೇಕು. ಆರ್ಬಿಟ್ರೇಷನ್ ಕಾಯ್ದೆಯ 7ನೇ ಕಲಮಿನ ಪ್ರಕಾರ ಇ-ಮೇಲ್ ವಿನಿಮಯವೂ ಲಿಖಿತ ಒಪ್ಪಂದವೇ. ಒಂದು ಕಾಗದ ಇನ್ನೊಂದನ್ನು ಉಲ್ಲೇಖಿಸಿ ತನ್ನೊಳಗೆ ಸೇರಿಸಿಕೊಳ್ಳಲೂಬಹುದು. ಪತ್ರ ಎರಡೇ ಪುಟ ಇರುತ್ತದೆ, ಅದರಲ್ಲಿ ‘ಕಂಪನಿಯ ಹ್ಯಾಂಡ್‌ಬುಕ್‌ನ ಷರತ್ತುಗಳು ಅನ್ವಯ’ ಎಂಬ ಒಂದು ಸಾಲು ಇರುತ್ತದೆ, ಆ ಹ್ಯಾಂಡ್‌ಬುಕ್ಕನ್ನು ಯಾರೂ ಕಂಡಿರುವುದಿಲ್ಲ. ಅದನ್ನು ಇ-ಮೇಲ್‌ನಲ್ಲಿ ಕೇಳಿ ಪಡೆಯಬೇಕು. ಕೊಡದಿದ್ದರೆ, ಕೇಳಿದ ಇ-ಮೇಲ್ ಮುಂದೆ ಸಾಕ್ಷಿಗೆ ಬರುತ್ತದೆ.

‘ಸ್ಥಾನ ಮುಂಬೈ’ ಎಂದರೆ ಬರೀ ರೈಲು ಖರ್ಚಿನ ಪ್ರಶ್ನೆಯಲ್ಲ. (ಶಿರಸಿಯವರಿಗೆ ರೈಲೂ ಇಲ್ಲ.) ವಿಚಾರಣೆ ವಿಡಿಯೊದಲ್ಲಿ ನಡೆದೀತು. ಕಷ್ಟ ಶುರುವಾಗುವುದು ತೀರ್ಪಿನ ನಂತರ. ತೀರ್ಪನ್ನು ಪ್ರಶ್ನಿಸುವ 34ನೇ ಕಲಮಿನ ಅರ್ಜಿಯನ್ನು ಸ್ಥಾನ ಇರುವ ಊರಿನ ಕೋರ್ಟಿನಲ್ಲೇ ಹಾಕಬೇಕು, ಅಂದರೆ ಮುಂಬೈಯಲ್ಲಿ. ಆದರೆ ಜಾರಿ ಅರ್ಜಿಯನ್ನು ಆಸ್ತಿ ಇರುವ ಯಾವ ಊರಿನಲ್ಲಾದರೂ ಹಾಕಬಹುದೆಂದು 2018ರಲ್ಲೇ ಇತ್ಯರ್ಥವಾಗಿದೆ. ಕಂಪನಿ ನೇರವಾಗಿ ಹೊನ್ನಾವರದ ಕೋರ್ಟಿಗೆ ಬಂದು ವಸೂಲಿಗೆ ಕೂರಬಹುದು; ಹೊನ್ನಾವರದವನು ಅದನ್ನು ಪ್ರಶ್ನಿಸಲು ಮುಂಬೈಗೆ ಹೋಗಬೇಕು. ಅದಕ್ಕಿರುವ ಗಡುವು, ಸಹಿ ಮಾಡಿದ ತೀರ್ಪಿನ ಪ್ರತಿ ಕೈಸೇರಿದ ದಿನದಿಂದ ಮೂರು ತಿಂಗಳು. ಸಕಾರಣ ಇದ್ದರೆ ಮತ್ತೆ 30 ದಿನ. ಅದರಾಚೆ ಯಾವ ಕೋರ್ಟೂ ಕ್ಷಮಿಸುವಂತಿಲ್ಲ. ಅರ್ಜಿ ಹಾಕಿದ ಮಾತ್ರಕ್ಕೆ ಜಾರಿ ನಿಲ್ಲುವುದೂ ಇಲ್ಲ, ತಡೆಯಾಜ್ಞೆಯನ್ನು ಬೇರೆಯಾಗಿ ಕೇಳಬೇಕು.

ಇನ್ನು ಖರ್ಚು. ಕಾಯ್ದೆಯ ನಾಲ್ಕನೇ ಅನುಸೂಚಿಯ ಮಾದರಿ ದರದಲ್ಲಿ, 5 ಲಕ್ಷದವರೆಗಿನ ವಿವಾದಕ್ಕೆ ಆರ್ಬಿಟ್ರೇಟರ್ ಶುಲ್ಕ 45,000 ರೂಪಾಯಿ. ಒಬ್ಬರೇ ಆರ್ಬಿಟ್ರೇಟರ್ ಆದರೆ ಶೇ 25 ಹೆಚ್ಚು, ಒಟ್ಟು 56,250. ಠೇವಣಿ ಸಾಮಾನ್ಯವಾಗಿ ಸಮಪಾಲು, ತಲಾ 28,125. ನಾಲ್ಕು ತಿಂಗಳ ಸಂಬಳ, 60,000 ರೂಪಾಯಿ ಬಾಕಿಗೆ ಯಾರು ಈ ಹಣ ಕಟ್ಟಿ ಹೋರಾಡುತ್ತಾರೆ? ಕಾರ್ಮಿಕ ಅಧಿಕಾರಿಯ ಮುಂದೆ ಅದೇ ದೂರಿಗೆ ಇಂಥ ಶುಲ್ಕವೇ ಇಲ್ಲ. ಕೆನಡಾದಲ್ಲಿ ಊಬರ್ ಚಾಲಕನೊಬ್ಬ ವಿವಾದ ಎತ್ತಬೇಕಾದರೆ ನೆದರ್ಲೆಂಡ್ಸ್‌ನ ಆರ್ಬಿಟ್ರೇಷನ್ನಿಗೆ ಮೊದಲೇ ಸುಮಾರು 14,500 ಅಮೆರಿಕನ್ ಡಾಲರ್ ಕಟ್ಟಬೇಕಿತ್ತು; 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಷರತ್ತನ್ನೇ ಅಸಿಂಧು ಮಾಡಿತು. ಅಮೆರಿಕದ ಕಥೆ ಬೇರೆ. ಅಲ್ಲಿ 1925ರ ಆರ್ಬಿಟ್ರೇಷನ್ ಕಾಯ್ದೆಯ ಬಲದಿಂದ ಈ ಷರತ್ತು ನೌಕರರ ಮೇಲೆ ಬಹುಮಟ್ಟಿಗೆ ನಡೆಯುತ್ತದೆ. ನೌಕರರು ಒಟ್ಟಾಗಿ ದಾವೆ ಹೂಡುವುದನ್ನೂ ಅದರಿಂದ ತಡೆಯಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಲೈಂಗಿಕ ಕಿರುಕುಳದ ದೂರುಗಳಿಗೆ ಮಾತ್ರ 2022ರ ಕಾನೂನು ಬಿಡುಗಡೆ ಕೊಟ್ಟಿತು. ಆ ನಾಡಿನ ನಮೂನೆಯನ್ನು ಇಲ್ಲಿ ಅಂಟಿಸಿದರೆ ಅದರ ಬಲವೂ ಜೊತೆಗೆ ಬರುವುದಿಲ್ಲ.

ನೋಟಿಸ್ ಬಂದಾಗ ಆಗುವ ತಪ್ಪುಗಳು ಎರಡು. ‘ಹೇಗೂ ಅಸಿಂಧು’ ಎಂದು ಸುಮ್ಮನಿರುವುದು ಮೊದಲನೆಯದು. ನೀವು ಬಾರದಿದ್ದರೂ ಆರ್ಬಿಟ್ರೇಟರ್ ವಿಚಾರಣೆ ನಡೆಸಿ ತೀರ್ಪು ಕೊಡಬಹುದು, ಆ ತೀರ್ಪು ಸಿವಿಲ್ ಡಿಕ್ರಿಯಂತೆ ಜಾರಿಗೆ ಬರುತ್ತದೆ. ನೋಟಿಸು ಕಂಪನಿಗೆ ಗೊತ್ತಿರುವ ನಿಮ್ಮ ಕೊನೆಯ ವಿಳಾಸಕ್ಕೆ ಹೋದರೂ ತಲುಪಿದಂತೆಯೇ ಎಣಿಕೆಯಾಗುವ ಸಂದರ್ಭಗಳಿವೆ. ಕಾರವಾರ, ಅಂಕೋಲಾ ಕಡೆಯಿಂದ ಗೋವಾಕ್ಕೆ ಕೆಲಸಕ್ಕೆ ಹೋದವರು ಕಂಪನಿ ಬಿಟ್ಟ ಮೇಲೆ ಹೊಸ ವಿಳಾಸವನ್ನು ಲಿಖಿತವಾಗಿ ತಿಳಿಸಿಡುವುದು ಒಳ್ಳೆಯದು. ಎರಡನೆಯ ತಪ್ಪು, ಹೋಗಿ ಕೂತು ವಾದ ಮಾಡಿ ಕೊನೆಯಲ್ಲಿ ‘ನಿಮಗೆ ಅಧಿಕಾರವೇ ಇಲ್ಲ’ ಅನ್ನುವುದು. ಅಧಿಕಾರದ ಆಕ್ಷೇಪಣೆಯನ್ನು 16ನೇ ಕಲಮಿನಂತೆ ಪ್ರತಿವಾದದ ಹೇಳಿಕೆ ಸಲ್ಲಿಸುವುದರೊಳಗೇ ಎತ್ತಬೇಕು. ಆದ್ದರಿಂದ ನೋಟಿಸು ಬಂದ 30 ದಿನಗಳೊಳಗೆ, ತಲುಪಿದ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲೂ ಇ-ಮೇಲ್‌ನಲ್ಲೂ, ಇಷ್ಟು ಬರೆದರೆ ಸಾಕು:

‘ನಿಮ್ಮ ನೋಟಿಸು ಇಂಥ ದಿನ ತಲುಪಿದೆ. ಆರ್ಬಿಟ್ರೇಟರನ್ನು ನೀವೊಬ್ಬರೇ ನೇಮಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. 12(5)ರಡಿಯ ಹಕ್ಕನ್ನು ನಾನು ಬಿಟ್ಟುಕೊಟ್ಟಿಲ್ಲ. ನನ್ನ ಬಾಕಿ ಸಂಬಳ ಮತ್ತು ಕೆಲಸದಿಂದ ತೆಗೆದ ವಿಚಾರ ಕಾರ್ಮಿಕ ಕಾನೂನಿನ ಪ್ರಾಧಿಕಾರಗಳ ಮುಂದೆ ತೀರ್ಮಾನವಾಗತಕ್ಕವು. ಈ ಉತ್ತರ ಕೊಟ್ಟಿರುವುದು ಆರ್ಬಿಟ್ರೇಷನ್ನಿಗೆ ಒಪ್ಪಿಗೆಯಲ್ಲ.’

ಇದರ ಜೊತೆಗೇ ಕಾರ್ಮಿಕ ಕಚೇರಿಯಲ್ಲಿ ದೂರು ದಾಖಲಾಗಬೇಕು, ಕಾಯುತ್ತ ಕೂರಬಾರದು. ಕೆಲಸ ಬಿಟ್ಟ ಅಥವಾ ತೆಗೆದ ಎರಡು ಕೆಲಸದ ದಿನಗಳೊಳಗೆ ಸಂಬಳ ಚುಕ್ತಾ ಮಾಡಬೇಕೆನ್ನುತ್ತದೆ ವೇತನ ಸಂಹಿತೆ. ಕ್ಲೇಮಿಗೆ ಮೂರು ವರ್ಷ ಕಾಲಾವಕಾಶ ಇದೆ, ಪರಿಹಾರ ಬಾಕಿಯ ಹತ್ತು ಪಟ್ಟಿನವರೆಗೂ ಆಗಬಹುದು. ವಜಾ ವಿವಾದಕ್ಕೆ ಕಾಲ ಕಿರಿದಾಗಿದೆ: ಹಳೆಯ ಕಾಯ್ದೆಯಲ್ಲಿ ಮೂರು ವರ್ಷ ಇದ್ದದ್ದು, ಹೊಸದರಲ್ಲಿ ವಿವಾದ ಎದ್ದು ಎರಡು ವರ್ಷ ಕಳೆದರೆ ಸಂಧಾನಾಧಿಕಾರಿ ಕೈಗೆತ್ತಿಕೊಳ್ಳುವಂತಿಲ್ಲ. ಸಂಧಾನ 45 ದಿನ. ಮುರಿದುಬಿದ್ದರೆ ವರದಿ ಸಿಕ್ಕ 90 ದಿನಗಳೊಳಗೆ ಕೈಗಾರಿಕಾ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಆರ್ಬಿಟ್ರೇಷನ್ನಿನ ಪತ್ರವ್ಯವಹಾರದಲ್ಲೇ ಈ ಗಡುವು ಕಳೆದುಹೋಗುವಂತೆ ನೋಡಿಕೊಳ್ಳುವುದು ಚಾಣಾಕ್ಷ ಮಾಲೀಕರಿಗೆ ಚೆನ್ನಾಗಿ ಗೊತ್ತು.

ಡೆಲಿವರಿ ಕೆಲಸದವರಿಗೆ ಪ್ರತ್ಯೇಕ ಮಾತು. ಅವರ ಒಪ್ಪಂದ ಇರುವುದು ಫೋನಿನಲ್ಲಿ, ‘ಐ ಅಗ್ರೀ’ ಒತ್ತಿದಲ್ಲಿ. ಅವರು ಕಾರ್ಮಿಕರೋ ಅಲ್ಲವೋ ಎಂಬ ವಾದ ಇನ್ನೂ ಮುಗಿದಿಲ್ಲ, ಹಾಗಾಗಿ ಷರತ್ತಿನ ಬಿಗಿ ಅವರ ಮೇಲೆ ಹೆಚ್ಚು. ರಾಜ್ಯದ 2025ರ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ಕೆಲಸ ಮಾಡುವವರ) ಕಾಯ್ದೆ ಇದ್ದಕ್ಕಿದ್ದಂತೆ ಐಡಿ ಬ್ಲಾಕ್ ಮಾಡುವುದಕ್ಕೆ ಅಡ್ಡ ನಿಂತಿದೆ: 14 ದಿನ ಮೊದಲು ಕಾರಣ ಸಹಿತ ನೋಟಿಸು ಬೇಕು. ಆ ಕಾಯ್ದೆಯ ದೂರು ವ್ಯವಸ್ಥೆ ಶಿರಸಿ, ಕಾರವಾರದಂಥ ಊರಿಗೂ ತಲುಪಬೇಕು.

ಟ್ರಾಲರ್ ಬೋಟಿನವರನ್ನು ನಾವು ಇಲ್ಲಿ ಸೇರಿಸಿಲ್ಲ. ಅಲ್ಲಿ ಪಾಲಿನ ಲೆಕ್ಕ ಬಾಯಿಮಾತಿನದು. ಸಮಸ್ಯೆ ಕಾಗದ ಇಲ್ಲದ್ದು, ಕಾಗದ ಇರುವುದಲ್ಲ.

ನಿಮ್ಮಿಂದ ಕೇಳುವುದು ದೊಡ್ಡದೇನಲ್ಲ, ಹೊಸ ಕಾನೂನೂ ಬೇಡ. ದೂರಿನ ಜೊತೆ ಬಂದ ನೇಮಕಾತಿ ಪತ್ರದಲ್ಲಿ ಆರ್ಬಿಟ್ರೇಷನ್ ಷರತ್ತು ಇದೆ ಎಂಬ ಒಂದೇ ಕಾರಣಕ್ಕೆ ಯಾವ ತಾಲೂಕಿನ ಕಾರ್ಮಿಕ ನಿರೀಕ್ಷಕರೂ ದೂರನ್ನು ಬದಿಗಿಡಬಾರದು ಎಂದು ಕಾರ್ಮಿಕ ಅಧಿಕಾರಿಗಳು ಒಂದು ಸುತ್ತೋಲೆ ಹೊರಡಿಸಲಿ. 2024ರ ತೀರ್ಪಿನ ಸಾರಾಂಶವನ್ನು ಅದಕ್ಕೆ ಲಗತ್ತಿಸಲಿ. ಕಂಪನಿಯವರು ಸಂಧಾನದಲ್ಲಿ ಈ ಷರತ್ತನ್ನು ಎತ್ತಿದರೆ ಅದನ್ನು ದಾಖಲಿಸಿಕೊಂಡು ಸಂಧಾನ ಮುಂದುವರಿಸಲಿ. ಅದು ಸಿಂಧುವೋ ಅಲ್ಲವೋ ಎಂದು ತೀರ್ಮಾನಿಸುವುದು ಸಂಧಾನಾಧಿಕಾರಿಯ ಕೆಲಸವಲ್ಲ. ಕೈಗಾ ಅಣುಸ್ಥಾವರ, ಕೊಂಕಣ ರೈಲ್ವೆಯಂಥ ಕಡೆಯ ದೂರುಗಳು ಕೇಂದ್ರದ ಕಾರ್ಮಿಕ ಆಯುಕ್ತರ ವ್ಯಾಪ್ತಿಗೆ ಬರುತ್ತವೆ. ಅಂಥವರನ್ನು ಬರಿಗೈಯಲ್ಲಿ ಕಳಿಸದೆ, ಎಲ್ಲಿಗೆ ಹೋಗಬೇಕೆಂದು ಬರೆದುಕೊಡಲಿ.

ಕಾನೂನು ಸೇವಾ ಪ್ರಾಧಿಕಾರಕ್ಕೆ ನಮ್ಮ ಕೋರಿಕೆ ಇನ್ನೊಂದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟಿದ್ದರೂ ಉಚಿತ ವಕೀಲರನ್ನು ಪಡೆಯಬಹುದು. ಇದು ಕೆಲಸಗಾರರಿಗೆ ಹೆಚ್ಚಾಗಿ ಗೊತ್ತಿಲ್ಲ. ಆರ್ಬಿಟ್ರೇಷನ್ ನೋಟಿಸಿಗೆ ಉತ್ತರ ಬರೆಯುವುದನ್ನೂ ಹೊರ ಜಿಲ್ಲೆ, ಹೊರ ರಾಜ್ಯದ ಪ್ರಾಧಿಕಾರದ ಜೊತೆ ಮಾತಾಡಿ 34ನೇ ಕಲಮಿನ ಅರ್ಜಿಗೆ ಅಲ್ಲಿ ವಕೀಲರನ್ನು ಕೊಡಿಸುವುದನ್ನೂ ಈ ನೆರವಿನಲ್ಲಿ ಸೇರಿಸಬೇಕು. ಉಚಿತ ಕಾನೂನು ನೆರವಿನ 15100 ಸಹಾಯವಾಣಿಗೆ ಕರೆ ಮಾಡಿದವರಿಗೂ ಇದೇ ಉತ್ತರ ಸಿಗಬೇಕು.

ಜಿಲ್ಲಾಧಿಕಾರಿಗಳೇ, ಗೋಕರ್ಣ, ಮುರ್ಡೇಶ್ವರ, ದಾಂಡೇಲಿಯ ರೆಸಾರ್ಟ್‌ಗಳು ಸೀಸನ್ನಿನ ನೇಮಕ ಶುರು ಮಾಡುವುದು ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ. ಅದಕ್ಕೆ ಮೊದಲೇ, ಸೆಪ್ಟೆಂಬರ್ ಒಳಗೆ, ಒಂದು ಪುಟದ ಕನ್ನಡ ತಿಳುವಳಿಕೆ ಪತ್ರ ಎಲ್ಲ ಗ್ರಾಮ ಪಂಚಾಯತಿ, ಉದ್ಯೋಗ ವಿನಿಮಯ ಕೇಂದ್ರ, ಐಟಿಐ, ನರ್ಸಿಂಗ್ ಕಾಲೇಜುಗಳ ಫಲಕಕ್ಕೆ ಹೋಗಲಿ. ಅದರ ಕರಡನ್ನು ಈ ಪತ್ರದ ಜೊತೆ ನಿಮ್ಮ ಕಚೇರಿಯ ಟಪಾಲು ವಿಭಾಗಕ್ಕೆ ಕೊಡುತ್ತಿದ್ದೇವೆ. ತಿದ್ದಿ ಬಳಸಿಕೊಳ್ಳಿ, ನಮ್ಮ ಹೆಸರು ಹಾಕಬೇಕಾಗಿಲ್ಲ.

ಇಂತಿ,
ಕಾರವಾರ ಮತ್ತು ಶಿರಸಿಯಲ್ಲಿ ಕಾರ್ಮಿಕ ಪ್ರಕರಣಗಳನ್ನು ನೋಡಿಕೊಳ್ಳುವ ಕೆಲವರು